ಕೊನೆಯವರು ಯಾರು?

ಪಾನಿ ತೆಕ್ಲಾ ಬರೆದ ಪ್ರೋಗ್ರಾಮಿಗೆ ಗರ್ಭಿಣಿಯರಿಗೆ ಜಾಗ ಬಿಡುವುದು ಗೊತ್ತಿತ್ತು. "ಒಂದೇ ಒಂದು ಮಾತು ಕೇಳ್ಕೊಂಡ್ ಹೋಗ್ತೀನಿ" ಎಂದು ನುಗ್ಗುವವರನ್ನು ತಡೆಯುವುದೂ ಗೊತ್ತಿತ್ತು. ಬೇರೆ ಯಾವ ಪ್ರೋಗ್ರಾಮಿಗೂ ಇಷ್ಟು ಲೋಕಜ್ಞಾನ ಇರಲಿಕ್ಕಿಲ್ಲ. ನಾನು, ವಿತೆಕ್, ಹನ್ನೊಂದು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತವನು. ಅವರ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ ಎಂದು ಗೊತ್ತಿರುವುದರಿಂದ ನಾನೇ ಬರೆಯುತ್ತಿದ್ದೇನೆ. ಪಾನಿ ಅಂದರೆ ನಮ್ಮಲ್ಲಿ ಅಮ್ಮಾವ್ರು ಎಂದ ಹಾಗೆ. ಅದನ್ನು ಬಿಟ್ಟು ಬರೀ ತೆಕ್ಲಾ ಎಂದವನಿಗೆ ಅವತ್ತು ಆಫೀಸಿನಲ್ಲಿ ಕಾಫಿ ಸಿಗುತ್ತಿರಲಿಲ್ಲ.

ರಾದೊಮ್ ಊರಿನಲ್ಲಿ ನಮ್ಮದೊಂದು ಸಣ್ಣ ಕಂಪನಿ. ಸುತ್ತಲಿನ ಆಸ್ಪತ್ರೆಗಳಲ್ಲಿ ರೋಗಿಗಳ ಸರದಿ ಗೊತ್ತುಮಾಡುವ ಆ್ಯಪ್ ನಮ್ಮದು. ಕೆಳಗಡೆ ಸಮಾಧಿ ಕಲ್ಲು ಮಾರುವ ಅಂಗಡಿ. ನಮ್ಮ ಆ್ಯಪ್ ಕೆಟ್ಟ ದಿನ ಅವರಿಗೆ ಹಬ್ಬ ಎಂದು ನಾವು ಹೇಳುತ್ತಿದ್ದೆವು, ಅವರೂ ಹೇಳುತ್ತಿದ್ದರು.

ಮೊದಲು ಆ್ಯಪ್ ಎಲ್ಲ ಸೇರಿ ಒಂದೇ ಪ್ರೋಗ್ರಾಮ್ ಆಗಿತ್ತು. ಒಂದೇ ಹಂಡೆಯಲ್ಲಿ ಕೋಸು, ಮಾಂಸ, ಅಣಬೆ ಕುದಿಸಿದ ಹಾಗೆ. ಯಾವುದು ಯಾವುದೆಂದು ತಿಳಿಯದಿದ್ದರೂ ಹೊಟ್ಟೆ ತುಂಬುತ್ತಿತ್ತು. ಆಮೇಲೆ ಕ್ಸಾವೆರಿ ಮ್ಯಾನೇಜರಾಗಿ ಬಂದ. ಮೂವತ್ತೊಂದು ವರ್ಷ, ಹಿಮ ಬೀಳುವಾಗಲೂ ಸಾಕ್ಸ್ ಇಲ್ಲದ ಕಾಲು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಇವನು ನಮ್ಮ ಹಂಡೆಯನ್ನು ಒಡೆದು ನಲವತ್ತಮೂರು ಕುಡಿಕೆ ಮಾಡಿದ. ಜಾವಾಸ್ಕ್ರಿಪ್ಟಿನ ಒಂದು ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್ ತಂದು, ಒಂದೊಂದು ಕೆಲಸಕ್ಕೂ ಒಂದೊಂದು ಪುಟ್ಟ ಸರ್ವಿಸ್ ಬರೆಸಿದ. ಹೆಸರು ಕೇಳುವುದಕ್ಕೊಂದು, ಸಂದೇಶ ಕಳಿಸುವುದಕ್ಕೊಂದು, ಪರದೆಯ ಮೇಲೆ ಗುಂಡಿ ತೋರಿಸುವುದಕ್ಕೊಂದು. ಒಂದರ ಸುದ್ದಿ ಇನ್ನೊಂದಕ್ಕೆ ಇರಬಾರದು ಎಂಬುದೇ ಅದರ ಹಿರಿಮೆಯಂತೆ. ನಮ್ಮ ಆಫೀಸಿನ ಜನರಿಗೆ ಅದು ಹೊಸದೇನೂ ಆಗಿರಲಿಲ್ಲ.

"ನಿಮಗೆ ಬೇಕಾದ್ದನ್ನ ನೀವು ಹೋಗಿ ತರೋದೇ ಬೇಡ, ಪಾನಿ ತೆಕ್ಲಾ," ಎಂದು ಮೊದಲ ದಿನ ಅವನು ಪಾಠ ಮಾಡಿದ. "ಇಂಥದ್ದು ಬೇಕು ಅಂತ ಮೇಲೆ ಬರೆದು ಸುಮ್ನೆ ನಿಂತ್ಕೊಂಡ್ರೆ ಸಾಕು. ಫ್ರೇಮ್‌ವರ್ಕೇ ತಂದು ಕೈಗೆ ಕೊಡುತ್ತೆ."

"ಎಂಬತ್ತೈದನೇ ಇಸವೀಲಿ ಸರ್ಕಾರದೋರೂ ಹಂಗೇ ಹೇಳಿದ್ರಪ್ಪ. ಬಟ್ಟೆ ಒಗೆಯೋ ಮಿಷನ್ ಬೇಕು ಅಂತ ಬರೆಸಿ ನಿಂತ್ಕೊಂಡೆ. ಇಪ್ಪತ್ತೆರಡು ದಿನ."

"ಕೊಟ್ರಾ?"

"ಕೊಟ್ರು. ಫ್ರಿಜ್."

ಆ ಸಾಲಿನಲ್ಲಿ ಪಾನಿ ತೆಕ್ಲಾ ಬರೀ ನಿಂತವರಲ್ಲ, ಪಟ್ಟಿ ಬರೆದವರು. ಆಗ ಇಪ್ಪತ್ತೊಂದು ವರ್ಷ ಅವರಿಗೆ. ದುಡ್ಡಿದ್ದರೂ ಸಾಮಾನು ಸಿಗದ ಆ ಕಾಲದಲ್ಲಿ ಅಂಗಡಿ ಮುಂದೆ ಜನರೇ ಒಂದು ಸಮಿತಿ ಮಾಡಿಕೊಂಡು, ಚೌಕುಳಿ ಪುಸ್ತಕದಲ್ಲಿ ಹೆಸರು ಬರೆದು, ದಿನಕ್ಕೆ ಎರಡು ಸಲ ಹಾಜರಿ ಕೂಗುತ್ತಿದ್ದರು. ಹೆಸರು ಕೂಗಿದಾಗ ಇಲ್ಲದವನ ಹೆಸರಿಗೆ ಗೀಟು. ಹೊಸಬರು ಬಂದರೆ ಕೇಳಬೇಕಾದ ಪ್ರಶ್ನೆ ಒಂದೇ, "ಕೊನೆಯವರು ಯಾರು?" ಸಾಲಿನಲ್ಲಿ ಅವರ ಬೆನ್ನ ಹಿಂದೆಯೇ ನಿಂತಿದ್ದವನು ಲುದ್ವಿಕ್, ಬಸ್ ಡ್ರೈವರ್. ಇಪ್ಪತ್ತೆರಡು ದಿನ ಅವರ ಬೆನ್ನು ನೋಡಿ, ಇಪ್ಪತ್ತಮೂರನೆಯ ದಿನ ಮದುವೆ ಆಗ್ತೀಯಾ ಎಂದನಂತೆ. "ಫ್ರಿಜ್ ಹೊರೋಕೆ ಇನ್ನೊಬ್ರು ಬೇಕಾಗಿತ್ತು, ಒಪ್ಕೊಂಡೆ," ಎಂದು ಪಾನಿ ತೆಕ್ಲಾ ಹೇಳುತ್ತಿದ್ದರು.

ನಲವತ್ತಮೂರರಲ್ಲಿ ರೋಗಿಗಳನ್ನು ಸಾಲಾಗಿ ನಿಲ್ಲಿಸುವ ಸರ್ವಿಸ್ ಅವರ ಪಾಲಿಗೆ ಬಂತು. ಕ್ಸಾವೆರಿ ಕೊಟ್ಟ ಕೈಪಿಡಿಯನ್ನು ಕಾಫಿ ಲೋಟದ ಅಡಿಗಿಟ್ಟು, ಮನೆಯಿಂದ ಆ ಚೌಕುಳಿ ಪುಸ್ತಕ ತಂದು ಮುಂದೆ ತೆರೆದಿಟ್ಟುಕೊಂಡರು. ಅದನ್ನು ನೋಡಿಯೇ ಬರೆದರು. ಎರಡು ಗಂಟೆಗೊಮ್ಮೆ ಸಾಲಿನಲ್ಲಿರುವ ಪ್ರತಿಯೊಬ್ಬರ ಫೋನಿಗೂ "ಇದ್ದೀರಾ?" ಎಂದು ಹಾಜರಿ ಹೋಗುತ್ತದೆ. ಹತ್ತು ನಿಮಿಷದೊಳಗೆ "ಇದ್ದೇನೆ" ಗುಂಡಿ ಒತ್ತದವರಿಗೆ ಗೀಟು, ಜೊತೆಗೊಂದು ಸಂದೇಶ: "ನೀವು ಇಲ್ಲಿ ನಿಂತಿರಲಿಲ್ಲ." ಕೊನೆಯವರು ಯಾರು ಎಂದು ಹೇಳುವುದಕ್ಕೇ ಒಂದು ಬೇರೆ ಸರ್ವಿಸ್ ಮಾಡಿಸಿದರು. ನವೆಂಬರಿನಲ್ಲಿ ಅದೊಂದು ಕೆಟ್ಟಿತು ನೋಡಿ, ಮುನ್ನೂರು ಜನ ಚರ್ಮರೋಗಿಗಳಲ್ಲಿ ಪ್ರತಿಯೊಬ್ಬರೂ ತಾವೇ ಕೊನೆಯವರೆಂದು ತಿಳಿದು, ತುಂಬ ಮರ್ಯಾದೆಯಿಂದ ಮಧ್ಯಾಹ್ನದ ತನಕ ಅಲ್ಲಾಡದೆ ಕಾದರು. ಒಬ್ಬರೂ ದೂರು ಕೊಡಲಿಲ್ಲ.

ಕ್ಸಾವೆರಿಗೆ ತಡೆಯಲಾಗದೆ ಹೋದದ್ದು ಸಾಕ್ಷಿಯ ವಿಷಯ. ಪ್ರತಿಯೊಬ್ಬರ ಫೋನಿನಲ್ಲೂ ತಮ್ಮ ಮುಂದೆ ನಿಂತವರ ನಂಬರು ಕಾಣುತ್ತಿರುತ್ತದೆ. ಗೀಟು ಬಿದ್ದವನ ಹಿಂದೆ ನಿಂತವರನ್ನು ಪ್ರೋಗ್ರಾಮು ಕೇಳುತ್ತದೆ, "ಇವರು ನಿಂತಿದ್ದರೇ?" ಹೌದು ಎಂದರೆ ಹೆಸರು ಮತ್ತೆ ಅದೇ ಜಾಗಕ್ಕೆ.

"ಸಾಕ್ಷಿ ಕರೆಯೋ ಸರ್ವಿಸ್ಸು ಭೂಮಿ ಮೇಲೆ ಎಲ್ಲಾದ್ರೂ ಇದೆಯಾ ಪಾನಿ ತೆಕ್ಲಾ? ಹೌದು ಅಂದ್ರೆ ಅವರಿಗೇ ಒಂದು ಜಾಗ ನಷ್ಟ. ಯಾರು ಹೇಳ್ತಾರೆ?"

"ಅದಕ್ಕೇ ಹಿಂದಿನೋರನ್ನ ಕೇಳೋದು. ಮುಂದಿನೋರಿಗೆ ಏನು ಹೋಗುತ್ತೆ, ಬಾಯಿಗೆ ಬಂದಿದ್ದು ಹೇಳ್ತಾರೆ. ತಾನು ಕಳ್ಕೊಂಡು ಹೇಳಿದ್ರೆ ಮಾತ್ರ ಸಾಕ್ಷಿ."

ಡಿಸೆಂಬರಿನ ಪರೀಕ್ಷೆಯಲ್ಲಿ ಅರವತ್ತು ಜನರಿಗೆ ಗೀಟು ಬಿತ್ತು. ಹಿಂದಿನವರಲ್ಲಿ ಒಬ್ಬರೂ ಹೌದು ಎನ್ನಲಿಲ್ಲ. ಅದನ್ನು ಹೊಸ ವರ್ಷ ಕಳೆದ ಮೇಲೆ ತೆಗೆದುಹಾಕಿ ಎಂದು ಕ್ಸಾವೆರಿ ಆಗಲೇ ಹೇಳಿದ. ನಿಜ ಹೇಳುತ್ತೇನೆ, ನನಗೂ ಅದೇ ಸರಿ ಅನ್ನಿಸಿತ್ತು.

ಆ ಹೊಸ ವರ್ಷಕ್ಕೆ ಲುದ್ವಿಕ್ ಕಣ್ಣುಗಳಲ್ಲಿ ಪೊರೆ ಪೂರ್ತಿ ಬೆಳೆದಿತ್ತು. ಮನೆಯಲ್ಲಿ ಕೋಟು ನೇತುಹಾಕುವ ಕಂಬಕ್ಕೆ ನಮಸ್ಕಾರ ಹೇಳಿ, ಅದು ಮಾತಾಡಲಿಲ್ಲವೆಂದು ಸಿಟ್ಟಾಗುತ್ತಿದ್ದರು. ಈ ವರ್ಷ ಆಪರೇಷನ್ ಆಗದಿದ್ದರೆ ದೃಷ್ಟಿಯ ಆಸೆ ಬಿಡಿ ಎಂದಿದ್ದರು ಡಾಕ್ಟರು. ಇಡೀ ವರ್ಷಕ್ಕೆ ಇರುವುದು ಇನ್ನೂರ ಹನ್ನೆರಡು ಆಪರೇಷನ್. ಜನವರಿ ಎರಡರ ಬೆಳಗ್ಗೆ ಎಂಟಕ್ಕೆ ಸಾಲು ಶುರುವಾಗಿ, ಹನ್ನೆರಡರ ಹಾಜರಿಗೆ ಮುಚ್ಚುತ್ತದೆ.

"ಒಂದು ಸಾಲು ಟೈಪ್ ಮಾಡಿದ್ರೆ ಆಯ್ತು, ಹೆಸರು ಹಾಕ್ಬಿಡಿ. ಯಾರು ನೋಡ್ತಾರೆ?" ಎಂದೆ ನಾನು.

"ಪಟ್ಟಿ ಬರೆಯೋಳು ಮನೆಯೋರ ಹೆಸರು ಬರೆಯೋ ಹಾಗಿಲ್ಲ ಕಣೋ ವಿತೆಕ್. ಆವತ್ತಾಗಿದ್ರೆ ಕೈ ಮುರೀತಿದ್ರು."

ಎಷ್ಟು ಸಿಟ್ಟು ಬಂತೆಂದರೆ, ಅವತ್ತು ಅವರು ಕೊಟ್ಟ ಗಸಗಸೆ ಕೇಕನ್ನು ನಾನು ಮುಟ್ಟಲಿಲ್ಲ. ಅವರು ಮಾಡಿದ್ದು ಇಷ್ಟೇ: ಲುದ್ವಿಕ್ ಫೋನಿನ ಗಾಜಿನ ಮೇಲೆ, "ಇದ್ದೇನೆ" ಗುಂಡಿ ಬರುವ ಜಾಗದ ಸುತ್ತ, ಗಾಯಕ್ಕೆ ಹಚ್ಚುವ ಪ್ಲಾಸ್ಟರನ್ನು ಕಟ್ಟೆಯ ಹಾಗೆ ಅಂಟಿಸಿದರು. ಕಾಣದಿದ್ದರೂ ಬೆರಳಿಗೆ ಸಿಗಲಿ ಎಂದು. ಒಂದು ವಾರ ಅಭ್ಯಾಸ ಮಾಡಿಸಿದರು.

ಜನವರಿ ಎರಡು. ಎಂಟು ಗಂಟೆಗೆ ಲುದ್ವಿಕ್ ಮನೆಯಿಂದಲೇ ಫೋನಿನಲ್ಲಿ ಸಾಲಿಗೆ ಸೇರಿದರು. ನೆರೆಯವರು ಹೆಸರು ತುಂಬಿಸಿಕೊಟ್ಟು ಕೆಲಸಕ್ಕೆ ಹೋದರು. ನಂಬರು ಇನ್ನೂರ ಹನ್ನೆರಡು, ಸರಿಯಾಗಿ ಅಂಚಿನಲ್ಲಿ. ಪಾನಿ ತೆಕ್ಲಾ ಪರದೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. ಹತ್ತಕ್ಕೆ ಹಾಜರಿ ಹೋಯಿತು. ಹಸಿರು, ಹಸಿರು, ಹಸಿರು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಇನ್ನೂರ ಹನ್ನೆರಡು ಕೆಂಪಾಯಿತು.

ಪಾನಿ ತೆಕ್ಲಾ ಅವರ ಫೋನು ಬಡಿದುಕೊಂಡಿತು. ಲುದ್ವಿಕ್ ಧ್ವನಿ ನನಗೂ ಕೇಳಿಸಿತು. "ತೆಕ್ಲಾ, ಒತ್ತೇ ಒತ್ತಿದೆ ಕಣೇ, ಬೆರಳು ನೋವು ಬಂತು. ಏನೂ ಆಗ್ಲಿಲ್ಲ. ನಾನು ಇದೀನಿ!"

"ನೀನಿದೀಯ ಅಂತ ನಂಗೊತ್ತು," ಎಂದರು ಪಾನಿ ತೆಕ್ಲಾ. "ಸಾಲಿಗೆ ಗೊತ್ತಿಲ್ಲ."

ಆಚೆ ಮೇಜಿನಿಂದ ಕ್ಸಾವೆರಿ ಎದ್ದು ಬಂದ. ಮುಖ ಸುಣ್ಣದಂತಾಗಿತ್ತು. "ನಿನ್ನೆ ಗುಂಡೀನ ಸ್ವಲ್ಪ ಮೇಲಕ್ಕೆ ಜರುಗಿಸಿದೆ. ಚೆನ್ನಾಗಿ ಕಾಣ್ಲಿ ಅಂತ."

ಗುಂಡಿಯ ಸರ್ವಿಸ್ ಬೇರೆ, ಸಾಲಿನ ಸರ್ವಿಸ್ ಬೇರೆ. ಒಂದರ ಸುದ್ದಿ ಇನ್ನೊಂದಕ್ಕೆ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಿತ್ತು. ಪಾಪ, ಲುದ್ವಿಕ್ ಹತ್ತು ನಿಮಿಷ ಬರೀ ಗಾಜನ್ನು ಒತ್ತಿದ್ದರು.

"ತಪ್ಪು ನಂದು," ಎಂದ ಕ್ಸಾವೆರಿ. "ಗುಂಡಿ ಕೆಳಗೆ ತರ್ತೀನಿ, ನಿಮ್ಮ ಯಜಮಾನರ ಹೆಸರೂ ನಾನೇ ವಾಪಸ್ ಹಾಕ್ತೀನಿ. ಜರುಗಿ."

ಪಾನಿ ತೆಕ್ಲಾ ಎರಡೂ ಅಂಗೈಗಳನ್ನು ಕೀಬೋರ್ಡಿನ ಮೇಲೆ ಊರಿದರು. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಓಡಿದವು. "ಗುಂಡಿ ಕೆಳಗೆ ತನ್ನಿ. ಹೆಸರು ಮುಟ್ಬೇಡಿ. ಸಾಕ್ಷಿ ಕೇಳ್ತಾ ಇದೆ."

ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹಿಂದಿನ ನಂಬರು ಇನ್ನೂರ ಹದಿಮೂರು, ಊರು ಪಿಯೊಂಕಿ. ನಮಗೆ ಕಾಣುವುದು ಅಷ್ಟೇ. ಲುದ್ವಿಕ್‌ಗೆ ಗೀಟು ಬಿದ್ದದ್ದರಿಂದ ಆ ಹದಿಮೂರಕ್ಕೆ ಈ ವರ್ಷದ ಕೊನೆಯ ಆಪರೇಷನ್ ಸಿಕ್ಕಂತಾಗಿತ್ತು. ಹೌದು ಎಂದರೆ ಅದು ಕೈಬಿಟ್ಟುಹೋಗುತ್ತದೆ. ಸುಮ್ಮನಿದ್ದರೂ ಸಾಕು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ.

ಏಳು ನಿಮಿಷ ಕಳೆಯಿತು. ಕ್ಸಾವೆರಿ ಉಗುರು ಕಚ್ಚುತ್ತಿದ್ದ. ಎಂಟನೆಯ ನಿಮಿಷಕ್ಕೆ ಪರದೆಯ ಮೇಲೆ ಬಂತು: "ಹೌದು. ನಿಂತಿದ್ದರು."

ಇನ್ನೂರ ಹನ್ನೆರಡು ಹಸಿರಾಯಿತು.

ಪಾನಿ ತೆಕ್ಲಾ ಅಳಲಿಲ್ಲ, ನಗಲೂ ಇಲ್ಲ. ಎದ್ದು ನಿಂತರು. "ಕೂತ್ಕೊಳ್ಳಿ" ಎಂದರೆ ತಲೆಯಾಡಿಸಿದರು. ಆ ಪಿಯೊಂಕಿಯವರು ಇನ್ನೂರ ಹನ್ನೆರಡರ ಹೊರಗೆ ನಿಂತಿರುವಾಗ ತಾನು ಕೂರುವುದಿಲ್ಲವಂತೆ. ಹನ್ನೆರಡರ ತನಕ ಆಫೀಸಿನ ನಡುವೆ ಕೈಚೀಲ ಹಿಡಿದು, ಅಂಗಡಿ ಮುಂದೆ ನಿಂತ ಹಾಗೆ ನಿಂತರು. ಸ್ವಲ್ಪ ಹೊತ್ತಿಗೆ ಕ್ಸಾವೆರಿ ಹೋಗಿ ಅವರ ಹಿಂದೆ ನಿಂತ. ಅವನ ಹಿಂದೆ ನಾನು. ಕೆಳಗಿನ ಸಮಾಧಿ ಕಲ್ಲಿನವರು ಬಿಸಿನೀರು ಕೇಳಲು ಬಂದು, ಕೊನೆಯವರು ಯಾರು ಎಂದು ಕೇಳಿ ನನ್ನ ಹಿಂದೆ ನಿಂತರು. ಏನು ಕೊಡುತ್ತಾರೆಂದು ಅವರು ಕೇಳಲೇ ಇಲ್ಲ.

ಹನ್ನೆರಡರ ಹಾಜರಿಗೆ ಲುದ್ವಿಕ್ ಪ್ಲಾಸ್ಟರಿನ ಕಟ್ಟೆಯೊಳಗೆ ಬೆರಳಿಟ್ಟು ಒತ್ತಿದರು. ತೊಂಬತ್ತನೆಯ ನಂಬರಿನವರು ಒತ್ತಲಿಲ್ಲ. ಅವರ ಹಿಂದಿನವರು ಬಾಯಿ ಬಿಡಲಿಲ್ಲ. ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು, ಪಿಯೊಂಕಿಯ ಇನ್ನೂರ ಹದಿಮೂರೂ ಆಪರೇಷನ್ನಿನ ಪಟ್ಟಿಯೊಳಗೆ ಸೇರಿತು. ಆಗ ಪಾನಿ ತೆಕ್ಲಾ ಕೂತರು. ಸಾಕ್ಷಿಯನ್ನು ತೆಗೆಯುವ ಮಾತನ್ನು ಕ್ಸಾವೆರಿ ಮತ್ತೆ ಎತ್ತಲಿಲ್ಲ.

ಆಪರೇಷನ್ ನವೆಂಬರಿನಲ್ಲಿ ಆಯಿತು. ಅಷ್ಟರಲ್ಲಿ ಪಾನಿ ತೆಕ್ಲಾ ನಿವೃತ್ತರಾಗಿದ್ದರು. ಆ ದಿನದ ಕಥೆಯನ್ನು ಅವರೇ ಬಂದು ಹೇಳಿದರು, ನಾನು ಕೇಕು ತಿನ್ನುತ್ತ ಕೇಳಿದೆ. ಬಸ್ಸು ತಪ್ಪಿ ಇಬ್ಬರೂ ತಡವಾಗಿ ಆಸ್ಪತ್ರೆ ಮುಟ್ಟಿದ್ದರು. ಬಾಗಿಲ ಹತ್ತಿರವೇ ಲುದ್ವಿಕ್ ಅಭ್ಯಾಸಬಲದಿಂದ ಕೂಗಿದರು, "ಕೊನೆಯವರು ಯಾರು?"

ಗೋಡೆ ಪಕ್ಕ ಕೂತಿದ್ದ ತಲೆವಸ್ತ್ರದ ಮುದುಕಿಯೊಬ್ಬಳು ಕೈ ಎತ್ತಿದಳು. "ನಾನು, ಪಿಯೊಂಕಿಯೋಳು. ನೀವು ಅವತ್ತಿನ ಇನ್ನೂರ ಹನ್ನೆರಡಾ?"

"ಹೌದು."

ಅವಳು ತನ್ನ ಮುಂದಿನ ಕುರ್ಚಿಯನ್ನು ತಡವಿ, ಅದರ ಮೇಲಿಟ್ಟಿದ್ದ ಕೈಚೀಲವನ್ನು ಎತ್ತಿಕೊಂಡಳು.

ಪಾನಿ ತೆಕ್ಲಾಗೆ ತಡೆಯಲಾಗಲಿಲ್ಲ. "ಅವತ್ತು ನೀವು ಹೌದು ಅಂದ್ರಲ್ಲ. ಇವರು ಯಾರು ಏನು ಅಂತ ನಿಮಗೆ ಹೇಗೆ ಗೊತ್ತಿತ್ತು?"

"ನನ್ನ ಕಣ್ಣಿಗೆ ಏನು ಗೊತ್ತಾಗುತ್ತಮ್ಮ," ಎಂದಳಂತೆ ಮುದುಕಿ. "ಮಗಳು ಓದಿ ಹೇಳಿದ್ಲು. ಬೆಳಗ್ಗೆಯಿಂದ ನನ್ನ ಮುಂದೆ ಒಬ್ರು ಇದ್ರು. ಇದ್ರು ಅಂದ್ಮೇಲೆ ಇಲ್ಲ ಅನ್ನೋಕಾಗುತ್ತಾ? ಕೂತ್ಕೊಳ್ಳಿ ಸ್ವಾಮಿ, ಯಾರೋ ಒಬ್ಬ ಆಗಿಂದ ಒಂದು ಮಾತು ಕೇಳ್ಬೇಕು ಅಂತ ಬಾಗಿಲಲ್ಲೇ ಸುತ್ತುತಿದಾನೆ."