ದೇವಣಿ ಹಸು ಮತ್ತು ಆಯಿಯ ಡಬ್ಬಿ

ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾರನ್ನು ಕಂಡರೂ ಮೊದಲು ಕಣ್ಣು ಹೋಗುವುದು ಅವರ ಕೈಗೆ. ಟಿಕೀಟು ಇದೆಯೋ, ಇಲ್ಲವೋ? ಹುಮನಾಬಾದಿನಲ್ಲಿ ಹತ್ತಿ, ಮನ್ನಾಏಖೇಳ್ಳಿ ಬರುವವರೆಗೂ ಕಣ್ಣು ಮುಚ್ಚಿ ಗೊರಕೆ ಹೊಡೆದವರನ್ನು ನೋಡಿದ್ದೇನೆ. ಮೀಸೆ ಚಿಗುರಿದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಸಣ್ಣಾವ ಅದಾನ್ರಿ" ಎಂದ ತಾಯಂದಿರನ್ನೂ ನೋಡಿದ್ದೇನೆ. ನಿವೃತ್ತಿಯ ದಿನ ಚೀಲ, ಸೀಟಿ ಎಲ್ಲ ಡಿಪೋದಲ್ಲಿ ಒಪ್ಪಿಸಿ ಬಂದೆ. ಸಂಶಯವನ್ನು ಮಾತ್ರ ಯಾರೂ ವಾಪಸ್ ಕೇಳಲಿಲ್ಲ. "ಮನ್ಯಾಗೂ ಟಿಕೀಟ್ ಕೇಳ್ತೀರಿ ನೀವು" ಎಂದು ಹೆಂಡತಿ ಇವತ್ತಿಗೂ ಅಣಕಿಸುತ್ತಾಳೆ.

ಕೊಹಿನೂರಿನ ಹತ್ತಿರ ನಮ್ಮದು ಆರು ಎಕರೆ ಹೊಲ. ನಾನು ನೌಕರಿಯಲ್ಲಿದ್ದಷ್ಟು ಕಾಲ ಅದನ್ನು ಬೇರೆಯವರು ಪಾಲಿಗೆ ಮಾಡುತ್ತಿದ್ದರು. ನಿವೃತ್ತಿಯಾದ ಮೇಲೆ ಹೋಗಿ ನೋಡಿದರೆ, ಅವ್ವ ಬರಿಗಾಲಲ್ಲಿ ಓಡಾಡುತ್ತಿದ್ದ ಮೆತ್ತನೆಯ ಎರೆಮಣ್ಣು ಎಲ್ಲಿಯೂ ಇರಲಿಲ್ಲ. ಹೆಂಟೆ ಒಡೆದರೆ ಇಟ್ಟಿಗೆ ಒಡೆದ ಸದ್ದು. ಒಂದು ಎರೆಹುಳು ಸಿಕ್ಕೀತೇನೋ ಎಂದು ಗುದ್ದಲಿ ಹಿಡಿದು ನಾಲ್ಕು ಕಡೆ ಅಗೆದೆ, ಸಿಗಲಿಲ್ಲ. ಮಣ್ಣಿಗೆ ಮಣ್ಣಿನ ವಾಸನೆಯೇ ಇರಲಿಲ್ಲ, ಔಷಧಿ ಅಂಗಡಿಯ ವಾಸನೆ ಇತ್ತು. ನನಗೆ ನಿಜವಾಗಿ ದುಃಖವಾಯಿತು. ಅವ್ವ ತೀರಿಕೊಂಡಾಗ ಡ್ಯೂಟಿಯ ಮೇಲಿದ್ದೆ, ಅತ್ತಿರಲಿಲ್ಲ. ಆ ದಿನ ಬದುವಿನ ಮೇಲೆ ಕೂತು ಅತ್ತೆ.

ಬಸವಕಲ್ಯಾಣದಲ್ಲಿ ನೈಸರ್ಗಿಕ ಕೃಷಿಯ ಶಿಬಿರ ಎಂದರು, ಹೋದೆ. ಒಂದು ನಾಡಹಸು ಸಾಕು, ಅದರ ಸೆಗಣಿ, ಗಂಜಲ, ಒಂದಿಷ್ಟು ಬೆಲ್ಲ, ಕಡಲೆಹಿಟ್ಟು, ನಿಮ್ಮದೇ ಬದುವಿನ ಒಂದು ಹಿಡಿ ಮಣ್ಣು, ಇಷ್ಟನ್ನು ಡ್ರಮ್ಮಿನಲ್ಲಿ ಕಲಸಿ ಕೊಳೆಸಿ ಹೊಲಕ್ಕೆ ಬಿಡಿ ಎಂದು ವೇದಿಕೆಯ ಮೇಲಿದ್ದವರು ಹೇಳಿದರು. ಸುತ್ತ ಕೂತವರೆಲ್ಲ ಬರೆದುಕೊಂಡರು. ನಾನು ಹೇಳುವವರ ಮುಖವನ್ನೇ ನೋಡುತ್ತಿದ್ದೆ. ಇಷ್ಟು ಸುಲಭವಿದ್ದರೆ ಗೊಬ್ಬರದ ಅಂಗಡಿಯವರು ಮಹಡಿಯ ಮೇಲೆ ಮಹಡಿ ಏಕೆ ಕಟ್ಟಿಸುತ್ತಿದ್ದರು? ಆದರೂ ಬೇರೆ ದಾರಿ ಕಾಣಲಿಲ್ಲ. ನಂಬದೆಯೇ ಶುರುಮಾಡಿದೆ.

ಶುರುಮಾಡಲು ಧೈರ್ಯ ಬಂದದ್ದು ಆಯಿಯಿಂದ. ಆಯಿ ನಮ್ಮ ಬಳಗದವಳಲ್ಲ. ಕೊಹಿನೂರಿನವಳೇ, ಅವ್ವನ ಕಾಲದಿಂದ ನಮ್ಮ ಹೊಲದಲ್ಲಿ ಕಳೆ ತೆಗೆದವಳು, ದನ ನೋಡಿಕೊಂಡವಳು. ವಯಸ್ಸು ಎಪ್ಪತ್ತರ ಹತ್ತಿರ. ಊರಿನವರೆಲ್ಲ ಆಯಿ ಎನ್ನುತ್ತಾರೆ, ಆಕೆ ನನ್ನನ್ನು "ತಮ್ಮಾ" ಎನ್ನುತ್ತಿದ್ದಳು. ಯಾವ ಸಾಲಿನಲ್ಲಿ ನೀರು ನಿಲ್ಲುತ್ತದೆ, ತೊಗರಿಯ ನಡುವೆ ಯಾವ ಅಕ್ಕಡಿ ಕಾಳು ಹಾಕಬೇಕು, ಎಲ್ಲ ಆಕೆಗೆ ಗೊತ್ತು. ನನಗೆ ಹಸುವಿನ ಕೆಚ್ಚಲು ಹಿಡಿಯಲೂ ಬರುತ್ತಿರಲಿಲ್ಲ. ಆಯಿ ಕೈಬಿಟ್ಟರೆ ಹೊಲ ಕೈಬಿಟ್ಟಂತೆಯೇ ಎಂಬುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದನ್ನು ಹೇಳುತ್ತೇನೆ.

ಹಸು ತರಲು ಇಬ್ಬರೂ ಉದಗೀರದ ಕಡೆ ಹೋದೆವು. ದೇವಣಿ ತಳಿ, ಬಿಳಿ ಮೈ, ಕಪ್ಪು ಮುಖ, ಜೋತುಬಿದ್ದ ಕಿವಿ, ತುಂಬಿದ ಗಬ್ಬ. ಮಾರುವವನ ಮೇಲೆ ನನಗೆ ಸಂಶಯ, ಹಸುವಿನ ಹಲ್ಲು ಮೂರು ಸಲ ಎಣಿಸಿದೆ. ಮೂರನೆಯ ಸಲ ಹಸುವಿಗೇ ಬೇಸರವಾಗಿ ತಲೆ ಕೊಡವಿತು. ಆಯಿ ಅದರ ಬೆನ್ನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದಳು. "ಇದನ್ನ ತಗೋ ತಮ್ಮಾ" ಎಂದಳು. ಅಷ್ಟೇ.

ಎರಡು ತಿಂಗಳಲ್ಲಿ ಹಸು ಹೋರಿಗರು ಹಾಕಿತು. ನೌಕರಿಯಲ್ಲಿದ್ದಾಗ ಹುಮನಾಬಾದಿನ ಮನೆಯಲ್ಲಿ ನಾನೊಂದು ಜರ್ಸಿ ಸಾಕಿದ್ದೆ. ಅದರ ಹಾಲು ಕರೆಯುವವನು ಕರುವನ್ನು ಆಚೆ ಕಟ್ಟಿ ಬಕೆಟ್ಟು ತುಂಬಿಸಿ ಕೊಡುತ್ತಿದ್ದ. ನನಗೆ ಗೊತ್ತಿದ್ದ ಹೈನ ಅಷ್ಟೇ. "ಕರುವಿಗೆ ಎರಡು ಗುಟುಕು ಬಿಟ್ಟು ಎಲ್ಲಾ ಹಿಂಡು ಆಯಿ" ಎಂದು ಅಪ್ಪಣೆ ಕೊಟ್ಟೆ. ಆಕೆ "ಹೂಂ ತಮ್ಮಾ" ಎಂದಳು. ಆದರೆ ದಿನಾ ಬೆಳಿಗ್ಗೆ ನಾನು ಹುಮನಾಬಾದಿನಿಂದ ಗಾಡಿಯ ಮೇಲೆ ಹೊಲಕ್ಕೆ ಬರುವ ಹೊತ್ತಿಗೆ ಹಿಂಡಿ ಮುಗಿದಿರುತ್ತಿತ್ತು, ಚೊಂಬು ಅರ್ಧ ಮಾತ್ರ ತುಂಬಿರುತ್ತಿತ್ತು. ಇಷ್ಟೇನಾ ಎಂದರೆ "ಇಷ್ಟ ತಮ್ಮಾ" ಎನ್ನುತ್ತಿದ್ದಳು.

ಉಳಿದ ಅರ್ಧ ಎಲ್ಲಿಗೆ ಹೋಯಿತು? ಈ ಪ್ರಶ್ನೆ ಒಳಗೆ ಹೊಕ್ಕ ಮೇಲೆ ನನಗೆ ಊಟ ರುಚಿಸಲಿಲ್ಲ. ಚೊಂಬಿನ ಒಳಗೆ ಸುಣ್ಣದಿಂದ ಒಂದು ಗೆರೆ ಎಳೆದೆ, ಹಾಲು ದಿನಾ ಗೆರೆಯ ಕೆಳಗೇ ನಿಲ್ಲುತ್ತಿತ್ತು. ಒಂದು ದಿನ ಬೇಗ ಬಂದೆ, ಇನ್ನೊಂದು ದಿನ ಗಾಡಿ ದೂರ ನಿಲ್ಲಿಸಿ ನಡೆದು ಬಂದೆ. ಎರಡೂ ದಿನ ಆಯಿ ನನಗಿಂತ ಮೊದಲೇ ಕೆಲಸ ಮುಗಿಸಿದ್ದಳು. ಆಗ ಕಣ್ಣಿಗೆ ಬಿದ್ದದ್ದು ಆಕೆಯ ಡಬ್ಬಿ. ಸ್ಟೀಲಿನ ಸಣ್ಣ ಡಬ್ಬಿ. ಬರುವಾಗ ಕೈಯಲ್ಲಿ ಜೋಲಾಡಿಸುತ್ತ ಬರುತ್ತಿದ್ದಳು, ಹೋಗುವಾಗ ಸೆರಗಿನ ಒಳಗೆ ಇಟ್ಟುಕೊಂಡು ಹೋಗುತ್ತಿದ್ದಳು. ಬಸ್ಸಿನಲ್ಲಿ ಸೆರಗಿನ ಒಳಗೆ ಕೋಳಿ ಬಚ್ಚಿಟ್ಟವರನ್ನು ಹಿಡಿದವನು ನಾನು. ನನಗೆ ಹೇಳಿಕೊಡಬೇಕೇ? ಹೆಂಡತಿಗೆ ಹೇಳಿದೆ. "ಹುಚ್ಚ ಹಿಡದದ ನಿಮಗ. ಆಯಿ ಹಂತಾಕಿ ಅಲ್ಲ" ಎಂದಳು. ಆಯಿ ಇವಳನ್ನೂ ಮರುಳು ಮಾಡಿದ್ದಾಳೆ ಎಂದುಕೊಂಡೆ.

ಅವತ್ತು ಕಳೆ ತೆಗೆಯಲು ಐದಾರು ಹೆಣ್ಣುಮಕ್ಕಳು ಬಂದಿದ್ದರು. ಆಯಿ ಮನೆಗೆ ಹೊರಟು ಬದುವಿನ ಹತ್ತಿರ ಬಂದಾಗ ಅಡ್ಡ ನಿಂತೆ.

"ಡಬ್ಬಿ ತೋರ್ಸು."

ಆಕೆಗೆ ಮೊದಲು ಅರ್ಥವಾಗಲಿಲ್ಲ. "ಯಾಕ ತಮ್ಮಾ, ಹಸಿವಾಗ್ಯದೇನು? ರೊಟ್ಟಿ ಮುಗದಾವಲ್ಲ" ಎಂದು ನಕ್ಕಳು. ನಾನು ನಗಲಿಲ್ಲ. ಕಂಡಕ್ಟರನ ದನಿಯಲ್ಲಿ ಇನ್ನೊಮ್ಮೆ ಕೇಳಿದೆ. ಸಾಲಿನಲ್ಲಿ ಬಗ್ಗಿದ್ದ ಹೆಣ್ಣುಮಕ್ಕಳು ಕಳೆ ಕೀಳುವ ಕುರ್ಚಿಗಿ ಹಿಡಿದ ಕೈ ನಿಲ್ಲಿಸಿ ತಲೆ ಎತ್ತಿದರು. ಆಯಿ ಅವರ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಸೆರಗಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ. ತಳದಲ್ಲಿ ಕೆಂಪು ಖಾರದ ಕಲೆ ಮಾತ್ರ ಇತ್ತು. ಡಬ್ಬಿಯನ್ನು ಬೋರಲು ಹಾಕಿ ಒಂದು ಸಲ ಕೊಡವಿದಳು.

"ಆಯ್ತೇನ್ರಿ?"

ಮರುದಿನ ಆಯಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಖಾಲಿ ಡಬ್ಬಿ ನೋಡಿಯೂ ನನ್ನ ಸಂಶಯ ಸಾಯಲಿಲ್ಲ, ಅದೇ ನನಗೆ ಈಗ ನಾಚಿಕೆ. ಹಾಗಾದರೆ ಹಾಲನ್ನು ಇಲ್ಲೇ ಕುಡಿದು ಹೋಗುತ್ತಿದ್ದಳೇನೋ ಎಂದುಕೊಂಡು ನಾನೇ ಹಿಂಡಲು ಕೂತೆ. ಕರುವನ್ನು ದೂರ ಬೇವಿನ ಗಿಡಕ್ಕೆ ಕಟ್ಟಿದೆ. ಅದು ಒದರಿತು, ಹಸು ಅದರ ಕಡೆಗೇ ನೋಡುತ್ತ ನಿಂತಿತು. ಎಷ್ಟು ಎಳೆದರೂ ಒಂದು ಲೋಟ ಹಾಲೂ ಬರಲಿಲ್ಲ. ಮೂರನೆಯ ದಿನ ಒದೆ ಬಿತ್ತು, ಐದನೆಯ ದಿನ ಕೆಚ್ಚಲು ಒಂದು ಕಡೆ ಬಾತು ಕಲ್ಲಾಯಿತು. ಹಸು ಮೇವು ಬಿಟ್ಟಿತು, ಡ್ರಮ್ಮಿಗೆ ಸೆಗಣಿಯೂ ಸರಿಯಾಗಿ ಸಿಗಲಿಲ್ಲ.

ದನದ ಡಾಕ್ಟರನ್ನು ಕರೆಸಿದೆ. ಅವರು ಸೂಜಿ ಮಾಡಿ, ಕೈ ತೊಳೆದುಕೊಳ್ಳುತ್ತ, "ಕರ ಯಾಕ ಅಲ್ಲಿ ಕಟ್ಟೀರಿ?" ಎಂದರು. ಕಾರಣ ಹೇಳಿದೆ. "ಇದು ಜರ್ಸಿ ಅಲ್ರಿ. ಕರ ಬಾಯಿ ಹಾಕದ ಹೊರತು ಇದು ಹಾಲು ಇಳಸಂಗಿಲ್ಲ. ನಮ್ಮ ಕಡಿ ತಿಳದವರು ಎರಡು ಮೊಲಿ ಹಿಂಡಿ ಎರಡು ಕರಕ್ಕ ಬಿಡ್ತಾರ. ಇಷ್ಟು ದಿನ ಯಾರೋ ಹಂಗ ಬಿಟ್ಟಾರ ನೋಡ್ರಿ, ಇಲ್ಲಾಂದ್ರ ಕರದ ಮೈ ಹಿಂಗ ಇರ್ತಿತ್ತೇನು? ನಾಳೆ ಇದ ನಿಮ್ಮ ಎತ್ತು."

ತಿರುಗಿ ಕರುವಿನ ಕಡೆ ನೋಡಿದೆ. ಮಿರಿ ಮಿರಿ ಮಿಂಚುವ ಮೈ, ಗಟ್ಟಿ ಭುಜ, ದಪ್ಪ ಕಾಲು. ನಾನು ಇಷ್ಟು ದಿನ ಹುಡುಕಿದ ಹಾಲು ನನ್ನ ಕಣ್ಣೆದುರಿಗೇ ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಅವತ್ತೇ ಕೊಹಿನೂರಿಗೆ ಹೋದೆ. ಆಯಿ ಹೊಸ್ತಿಲಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತಪ್ಪಾಯಿತು ಎನ್ನಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವನ ಬಾಯಿಂದ ಬಂದದ್ದು "ಹಸು ಮೇವು ತಿನ್ನವಲ್ದು ಆಯಿ" ಎಂಬುದೊಂದೇ.

"ಕರ ಎಲ್ಲಿ ಕಟ್ಟೀರಿ?" ಎಂದಳು. ಹೇಳಿದೆ. ಮೊರ ಪಕ್ಕಕ್ಕಿಟ್ಟು ಎದ್ದಳು.

"ಎರಡು ಮೊಲಿ ಕರಕ್ಕ ಬಿಡಾಕತ್ತೀನಿ ಅಂತ ಅವತ್ತೇ ಹೇಳಬೇಕಿತ್ತು ನೀನು" ಎಂದೆ. ತಪ್ಪು ಒಪ್ಪಿಕೊಳ್ಳಲು ಬಂದವನು ಆಕೆಯ ಮೇಲೇ ಇನ್ನೊಂದು ತಪ್ಪು ಹೊರಿಸುತ್ತಿದ್ದೆ.

"ಹೇಳಿದ್ರ ನಂಬ್ತಿದ್ರೇನ್ರಿ ಸಾಹೇಬ್ರ?"

ಗಾಡಿಯ ಹಿಂದೆ ಕೂತು ಬಂದಳು. ಬಂದವಳೇ ಕರುವಿನ ಹಗ್ಗ ಬಿಚ್ಚಿದಳು. ಅದು ಓಡಿ ಹೋಗಿ ಕೆಚ್ಚಲಿಗೆ ಗುದ್ದಿತು. ಹಸು ಕಣ್ಣು ಅರೆಮುಚ್ಚಿ ಅದರ ಬಾಲ ನೆಕ್ಕತೊಡಗಿತು. ಆಯಿ ಅದರ ಬೆನ್ನ ಮೇಲೆ ಕೈಯಿಟ್ಟು ಏನೋ ಗೊಣಗಿದಳು, ನನಗೆ ಕೇಳಿಸಲಿಲ್ಲ.

ಇದೆಲ್ಲ ಆಗಿ ನಾಲ್ಕು ಮಳೆಗಾಲ ಕಳೆದಿವೆ. ಹೊಲಕ್ಕೆ ಅಂಗಡಿಯ ಗೊಬ್ಬರ ಹಾಕಿಲ್ಲ. ತೊಗರಿಯ ನಡುವೆ ಹೆಸರು, ಎಳ್ಳು, ಪುಂಡಿ ನಿಂತಿವೆ. ಸೋಯಾ ಹೊಟ್ಟನ್ನು ಸುಡದೆ ಸಾಲಿಗೇ ಹೊದಿಸುತ್ತೇವೆ. ಗುದ್ದಲಿ ಹಾಕಿದ ಕಡೆಯಲ್ಲೆಲ್ಲ ಎರೆಹುಳು ಕಾಣುತ್ತವೆ. ಆ ಹೋರಿ ಈಗ ದುಬಲಗುಂಡಿಯಿಂದ ತಂದ ಇನ್ನೊಂದು ದೇವಣಿ ಹೋರಿಯ ಜೊತೆ ಕುಂಟೆ ಎಳೆಯುತ್ತದೆ. ನೋಡಲು ಬರುವವರು ಹೊಲವನ್ನು ಹೊಗಳಿ ಹೋಗುತ್ತಾರೆ. ಆಯಿ ದಿನಾ ಬರುತ್ತಾಳೆ, ಕೆಲಸದಲ್ಲಿ ಒಂದು ಕೂದಲಷ್ಟೂ ಕೊರತೆಯಿಲ್ಲ. ತಮ್ಮಾ ಎಂದು ಮಾತ್ರ ಮತ್ತೆ ಕರೆದಿಲ್ಲ. ದಿನಾ ಹೊರಡುವ ಮುಂಚೆ ನಾನಿದ್ದಲ್ಲಿಗೆ ಬಂದು ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತಾಳೆ. ಮೊದಲ ದಿನ "ಬ್ಯಾಡ ಆಯಿ" ಎಂದೆ. ಹತ್ತು ದಿನ ಎಂದೆ. ಒಮ್ಮೆ ಕೈಮುಗಿದೆ. ಆಕೆ ಸಿಟ್ಟಿನಿಂದ ಮಾಡುವುದಿಲ್ಲ, ಕೊಟ್ಟಿಗೆಯ ಬಾಗಿಲು ಹಾಕಿದಷ್ಟೇ ಸಹಜವಾಗಿ ಮಾಡುತ್ತಾಳೆ.

ಈ ಸಲದ ಎಳ್ಳಮಾವಾಸ್ಯೆಗೆ ಹುಮನಾಬಾದಿನಿಂದ, ದುಬಲಗುಂಡಿಯಿಂದ ಬೀಗರೆಲ್ಲ ಹೊಲಕ್ಕೆ ಬಂದಿದ್ದರು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕೂತು ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡೆವು. ಆಯಿಯೂ ನಮ್ಮ ಜೊತೆಗೇ ಉಂಡಳು. ಹೊರಡುವಾಗ ಹೆಂಡತಿ ಆಕೆಯ ಡಬ್ಬಿ ಕಸಿದುಕೊಂಡು, ಬೇಡವೆಂದರೂ ಕೇಳದೆ ಭಜ್ಜಿ ಒತ್ತಿ ತುಂಬಿದಳು.

ಆಯಿ ಡಬ್ಬಿ ಹಿಡಿದು ಅಷ್ಟೂ ಜನರ ನಡುವೆ ದಾಟಿಕೊಂಡು ನನ್ನ ಮುಂದೆ ಬಂದು ನಿಂತಳು. ಮುಚ್ಚಳ ತೆಗೆದಳು.

"ನೋಡ್ರಿ ಸಾಹೇಬ್ರ, ಅಕ್ಕೋರು ಕೊಟ್ಟಿದ್ದು."

ಬೀಗರು ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ಹೆಂಡತಿ ನಗದೆ ತಲೆ ತಗ್ಗಿಸಿದಳು. ನಾನು ಡಬ್ಬಿಯ ಒಳಗೆ ನೋಡಿ, ಹೂಂ ಎಂದೆ. ಹಾಗೆನ್ನುವವರೆಗೂ ಆಕೆ ಮುಚ್ಚಳ ಹಾಕುವುದಿಲ್ಲ.