ನಾನು ಒರೆಸಿದ ಗುರುತು

ಹರಿಹರದಲ್ಲಿ ಸೇತುವೆಯ ಈಚೆಗೆ, ಪಿ.ಬಿ. ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅದರ ಮುಂದೆ ಹೆಚ್ಚುಕಡಿಮೆ ಒಂದು ವರ್ಷ ಅಮೆರಿಕದ ಕಾರೊಂದು ಮಾರಾಟಕ್ಕೆ ನಿಂತಿತ್ತು. ಅದನ್ನು ಮಾರಿಸಿದವನು ನಾನು. ಹೇಗೆ ಮಾರಿಸಿದೆ ಎಂಬುದನ್ನು ಇಬ್ಬರಿಗೆ ಬಿಟ್ಟರೆ ಯಾರಿಗೂ, ನನ್ನ ಹೆಂಡತಿಗೂ, ಪೂರ್ತಿ ಹೇಳಲಿಲ್ಲ. ಅವಳೂ ಹೋದಳು. ನನಗೂ ವಯಸ್ಸಾಯಿತು. ಇನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ?

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ದಾವಣಗೆರೆಯಲ್ಲಿ ಹಳೆಯ ವಾಹನಗಳ ದಲ್ಲಾಳಿಯಾದೆ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲೊಂದರ ಮೂಲೆಯ ಟೇಬಲ್ಲೇ ನನ್ನ ಆಫೀಸು. ಲಾರಿ, ಜೀಪು, ಮೋಟರ್ ಸೈಕಲ್ಲು ಏನೇ ಇರಲಿ, ಮಾತಿನಲ್ಲೇ ಮಾರುತ್ತೇನೆಂಬ ಸೊಕ್ಕು ನನಗಿತ್ತು.

ಆ ಕಾರನ್ನು ದಾವಣಗೆರೆಯ ಗಿರಣಿ ಸಾಹುಕಾರರೊಬ್ಬರು ಮುಂಬಯಿಯಿಂದ ತರಿಸಿದ್ದರು. ಎರಡೇ ಬಾಗಿಲು, ಎಂಟು ಸಿಲಿಂಡರು, ಇಬ್ಬರು ಕಾಲು ಚಾಚಿ ಮಲಗುವಷ್ಟು ದೊಡ್ಡ ಬಾನೆಟ್ಟು. ಪೆಟ್ರೋಲು ತುಟ್ಟಿಯಾದ ಮೇಲೆ ಅದು ಹತ್ತಿ ಗೋಡೌನು ಸೇರಿತು. ಇಲಿಗಳು ಸೀಟು ತಿಂದವು. ಸಾಹುಕಾರರು ತೀರಿಕೊಂಡ ಮೇಲೆ ಮಕ್ಕಳು ಅದನ್ನು ಗುಜರಿ ಲೆಕ್ಕದಲ್ಲಿ ಹರಿಹರದ ಆ ಶೆಡ್ಡಿನ ಮಿಸ್ತ್ರಿಗೆ ಕೊಟ್ಟುಬಿಟ್ಟರು. ಆ ಮಿಸ್ತ್ರಿಯನ್ನು ನಾವೆಲ್ಲ ಚಾಚಾ ಅನ್ನುತ್ತಿದ್ದೆವು.

ಚಾಚಾ ಎರಡು ವರ್ಷ ಅದರ ಹಿಂದೆ ಬಿದ್ದರು. ದೊಡ್ಡ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸಿದರು. ಮುಂದಿನ ಜಾಲರಿಯನ್ನು ತಾವೇ ತಗಡು ಬಡಿದು ಮಾಡಿದರು. ಹಿಂದಕ್ಕೆ ಲಾರಿಯ ಕೆಂಪು ದೀಪ, ಒಳಗೆ ಬಸ್ಸಿನ ರೆಕ್ಸಿನ್ ಸೀಟು, ಮೂರು ಸ್ವರದ ಹಾರನ್. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಎಡಗಡೆ ಇದ್ದ ಸ್ಟೇರಿಂಗನ್ನು ಬಲಗಡೆಗೆ ತಂದದ್ದು. ಅದಕ್ಕಾಗಿ ಜೀಪಿನ ಸ್ಟೇರಿಂಗ್ ರಾಡಿಗೆ ಇನ್ನೊಂದು ತುಂಡು ಸೇರಿಸಿ ಬೆಸೆದಿದ್ದರು. ಮೊದಲ ಸಲ ಚಾಲೂ ಮಾಡಿದ ದಿನ ಎದುರಿನ ಚಹದಂಗಡಿಯವನು, "ಮಾರಿ ಹುಲಿದು, ದನಿ ಹಿಟ್ಟಿನ ಗಿರಣಿದು ಐತಲ್ಲೋ ಚಾಚಾ!" ಅಂದ. ಎಲ್ಲರಿಗಿಂತ ಜೋರಾಗಿ ನಕ್ಕವರು ಚಾಚಾನೇ.

ಅವರದೊಂದು ಪದ್ಧತಿ ಇತ್ತು. ಗಿರಾಕಿ ಬರುವ ದಿನ ತಾವು ಬೆಸೆದ ಒಂದೊಂದು ಜಾಯಿಂಟಿಗೂ ಸೀಮೆಸುಣ್ಣದಿಂದ ಸುತ್ತು ಹಾಕುತ್ತಿದ್ದರು. ಆಮೇಲೆ ಗಿರಾಕಿಯನ್ನು ಸುತ್ತಿನಿಂದ ಸುತ್ತಿಗೆ ಕರೆದೊಯ್ದು, ಇದು ಕಂಪನಿಯದಲ್ಲ, ನನ್ನದು, ಇಷ್ಟು ತಿಂಗಳಿಗೊಮ್ಮೆ ನೋಡಿಸಬೇಕು ಎಂದು ಹೇಳುತ್ತಿದ್ದರು. "ಕೊಳ್ಳೋನಿಗೆ ಕಾಣದ ಬೆಸುಗಿ ಕಳವಿನ ಮಾಲು, ಬೇಟಾ" ಅನ್ನುವುದು ಅವರ ಉಸ್ತಾದರ ಮಾತಂತೆ. ಗ್ಯಾಸ್ ವೆಲ್ಡಿಂಗಿನ ಬೆಳಕಿಗೆ ಅವರ ಕಣ್ಣು ಆಗಲೇ ಮಂಜಾಗಿತ್ತು. ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಬಿಳಿ ಸುತ್ತು ಮಾತ್ರ ಕಾಣುತ್ತಿತ್ತು.

ಆ ಕಾರಿಗೆ ಹದಿನೇಳು ಸುತ್ತು. ನಾನು ಕರೆತಂದ ಮೊದಲ ಗಿರಾಕಿ ದೂರದಿಂದಲೇ, "ಇದೇನ್ರಿ, ಕಾರಿಗೆ ಸಿಡುಬು ಎದ್ದೈತೆ!" ಎಂದು ಹೊರಟುಹೋದ. ಎರಡನೆಯವನು ಸ್ಟೇರಿಂಗಿನ ಸುತ್ತು ನೋಡಿ ಕೈಮುಗಿದ. ಹೋಟೆಲಿನಲ್ಲಿ ನನ್ನ ಜೊತೆಯ ದಲ್ಲಾಳಿಗಳು, "ಏನಪಾ, ಅಮೆರಿಕ ಇನ್ನೂ ಹರಿಹರದಾಗೇ ಐತಂತೆ?" ಎಂದು ದಿನಾ ಕೆಣಕುತ್ತಿದ್ದರು. ನನಗೆ ಕಮಿಷನ್ನಿನ ಆಸೆ ಇರಲಿಲ್ಲವೆಂದಲ್ಲ. ಆದರೆ ಆ ನಗು ಅದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಮೂರನೆಯವರು ಕೊಕ್ಕನೂರಿನ ಗೌಡರು. ಮದುವೆ ಮೆರವಣಿಗೆಗೆ ಬಾಡಿಗೆ ಬಿಡಲು ಕಾರು ಬೇಕಿತ್ತು. ಅವತ್ತು ಶುಕ್ರವಾರ. ಚಾಚಾ ಹಿಂಭಾಗದ ಸುತ್ತುಗಳನ್ನು ತೋರಿಸುವಷ್ಟರಲ್ಲಿ ಆಜಾನ್ ಕೇಳಿತು. "ಮುಂದಿಂದು ಬಂದು ತೋರಿಸ್ತೀನ್ರಿ ಗೌಡ್ರೆ" ಎಂದು ಮಸೀದಿಗೆ ಹೋದರು. ಗೌಡರು ಮಂಡಕ್ಕಿ ತಿನ್ನಲು ಎದುರಿನ ಅಂಗಡಿಗೆ ಹೋದರು. ನಾನು ಬಾನೆಟ್ ಎತ್ತಿ, ಕೈಗೆ ಸಿಕ್ಕ ಹತ್ತಿ ವೇಸ್ಟಿನಿಂದ ಸ್ಟೇರಿಂಗ್ ರಾಡಿನ ಸುತ್ತನ್ನು ಒರೆಸಿದೆ. ಬೆಸುಗೆಯ ಮೇಲೆ ಗ್ರೀಸು ಬಳಿದೆ. ಒಂದು ನಿಮಿಷದ ಕೆಲಸ.

ಚಾಚಾ ಬಂದು ಮುಂದಿನ ಸುತ್ತುಗಳನ್ನು ತೋರಿಸಿದರು. ಗೌಡರು ಒಳಗೆ ಕೂತು ಹಾರನ್ ಒತ್ತತೊಡಗಿದ ಮೇಲೂ ಚಾಚಾ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೇ ಇದ್ದರು.

"ಸ್ಟೇರಿಂಗಿಂದು ತೋರಿಸಿದ್ನೇನು?"

"ನಮಾಜಿಂದ ಬಂದ ಕೂಡ್ಲೆ ಮೊದ್ಲು ಅದನ್ನೇ ತೋರಿಸಿದ್ರಲ್ಲ ಚಾಚಾ" ಅಂದೆ.

"ಮೂರು ತಿಂಗಳಿಗೊಮ್ಮೆ ನೋಡಿಸ್ಬೇಕು ಅಂತ ಹೇಳಿದ್ನಾ?"

"ಹೇಳಿದ್ರಿ."

ಸಾಯಂಕಾಲ ಕಾರು ಕೊಕ್ಕನೂರಿನ ದಾರಿ ಹಿಡಿಯಿತು. ಚಾಚಾ ಕೈಯನ್ನು ಹಣೆಗೆ ಅಡ್ಡ ಹಿಡಿದು, ಅದು ಕಾಣದಾದ ಮೇಲೂ ಹಾರನ್ ಕೇಳುವ ತನಕ ರಸ್ತೆಯಲ್ಲೇ ನಿಂತಿದ್ದರು.

ಮುಂದಿನ ಮದುವೆಯ ಕಾಲದಲ್ಲಿ, ಕಡರನಾಯಕನಹಳ್ಳಿಯ ಹತ್ತಿರ, ಆ ಬೆಸುಗೆ ಬಿಟ್ಟಿತು. ಕಾರಿನಲ್ಲಿ ಗೌಡರೊಬ್ಬರೇ ಇದ್ದರು. ಕಾರು ರಸ್ತೆ ಪಕ್ಕದ ನೀರಿನ ಚಾನೆಲ್ಲಿಗೆ ಇಳಿದು ಅವರ ಬಲಗಾಲು ಮುರಿಯಿತು. ತಿಂಗಳಾದ ಮೇಲೆ ಗಾಡಿಯಲ್ಲಿ ಶೆಡ್ಡಿಗೆ ಬಂದರು. ಅವತ್ತು ನಾನೂ ಅಲ್ಲಿದ್ದೆ. ಗಾಡಿಯಿಂದಿಳಿಯದೆ, ಮುರಿದ ರಾಡನ್ನು ಚಾಚಾನ ಕಾಲ ಬಳಿ ಎಸೆದರು.

"ಹದಿನಾರು ತೋರಿಸಿ ಸತ್ಯವಂತ ಅನ್ನಿಸ್ಕೊಂಡ್ರಿ. ಕೊಲ್ಲೋದೊಂದನ್ನ ಯಾಕ ಮುಚ್ಚಿಟ್ರಿ ಸಾಬ್ರೆ?"

ಚಾಚಾ ಕೂತು ರಾಡನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ನನ್ನ ಕಡೆ ಮುಖ ಎತ್ತಿದರು. "ಅವತ್ತು ನಾನು ಕೇಳಿದ್ದೆ. ತೋರಿಸೀರಿ ಅಂತ ನೀನು ಅಂದಿ. ಅಲ್ಲೇನು ಬೇಟಾ?"

ಗೌಡರು ನನ್ನನ್ನೇ ನೋಡುತ್ತಿದ್ದರು.

"ನೀವು ಕೇಳಿದ್ದೂ ಇಲ್ಲ, ನಾನು ಅಂದಿದ್ದೂ ಇಲ್ಲ ಚಾಚಾ" ಅಂದೆ.

ಗುರುತು ಒರೆಸಿದ್ದಕ್ಕಿಂತ ದೊಡ್ಡ ಪಾಪ ಇದು. ಚಾಚಾ, "ಕಣ್ಣು ಹೋದ್ವು ಅಂತ ಗೊತ್ತಿತ್ತು. ತಲೀನೂ ಹೋತು" ಎಂದು ಗೌಡರಿಗೆ ಕೈಮುಗಿದರು. ಮರುದಿನದಿಂದ ಗ್ಯಾಸ್ ಹಚ್ಚಲಿಲ್ಲ. ಆ ರಾಡನ್ನು ಶೆಡ್ಡಿನ ಮೊಳೆಗೆ ನೇತುಹಾಕಿ, ಅದರ ಕೆಳಗೆ ಕೂತು ಹಳೆಯ ನಟ್ಟು ಬೋಲ್ಟುಗಳನ್ನು ಬೆರಳಿನಲ್ಲೇ ಅಳೆದು ಮಾರತೊಡಗಿದರು.

ಆರು ವರ್ಷ ನಾನು ಹರಿಹರದಲ್ಲಿ ಬಸ್ಸಿಳಿದರೂ ಆ ರಸ್ತೆ ತಪ್ಪಿಸುತ್ತಿದ್ದೆ. ಒಂದು ಮಧ್ಯಾಹ್ನ ಬೇರೆ ಕೆಲಸಕ್ಕೆ ಹೋದವನಿಗೆ ಶೆಡ್ಡಿನ ಮುಂದೆಯೇ ಹಾಯಬೇಕಾಯಿತು. ಚಾಚಾ ಬಾಗಿಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದರು. ತಿರುಗಿ ಬಂದು ಬೀಗ ಎಳೆದು ನೋಡಿದರು. ಮತ್ತೆ ಹೋಗಿ ಮತ್ತೆ ಬಂದರು. ಮೂರನೆಯ ಸಲ, ದಾರಿಯಲ್ಲಿ ಹೋಗುತ್ತಿದ್ದ ಹೆಂಗಸನ್ನು ನಿಲ್ಲಿಸಿ, "ತಾಯಿ, ಬೀಗ ಬಿದ್ದೈತೇನು ನೋಡವ್ವ" ಅಂದರು.

ಹತ್ತಿರ ಹೋಗಿ ಹೆಸರು ಹೇಳಿದೆ. ಅವರು ಮತ್ತೆ ಬಾಗಿಲು ತೆಗೆದು, ನನ್ನನ್ನು ಡಬ್ಬದ ಮೇಲೆ ಕೂಡಿಸಿದರು. ವೇಸ್ಟು, ಗ್ರೀಸು, ನನ್ನ ಎರಡೂ ಸುಳ್ಳು, ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ.

"ಅಂದ್ರೆ ನಾನು ಕೇಳಿದ್ದೆ?" ಅಂದರು.

"ಕೇಳಿದ್ರಿ."

"ಬಾನೆಟ್ ಮ್ಯಾಲೆ ಕೈಯಿಟ್ಟು?"

"ಹೌದು ಚಾಚಾ."

"ಇನ್ನೊಂದ್ಸಲ ಹೇಳು."

ಹೇಳಿದೆ. "ನಮಾಜ್ ಮುಗಿದ ಮ್ಯಾಲೆ ಎಷ್ಟು ರಕಾತ್ ಆತು, ಎಷ್ಟು ಸಲ ಬಗ್ಗಿ ಎದ್ದೆ ಅಂತ ಪಕ್ಕದೋರ್ನ ಕೇಳ್ತೀನಿ ನಾನು. ಆರು ವರ್ಷ ಆತು" ಅಂದರು. ಎದ್ದರು. ತಡಕಾಡದೆ ಮೊಳೆಯಿಂದ ರಾಡು ತೆಗೆದುಕೊಂಡರು. "ನಡಿ, ಕೊಕ್ಕನೂರಿಗೆ."

ಬೀಗ ಹಾಕಿದರು, ಒಂದು ಸಲ ಎಳೆದರು, ಹೊರಟೇಬಿಟ್ಟರು. ಅವರು ತಿರುಗಿ ಬರುತ್ತಾರೆಂದು ನಾನು ಬಾಗಿಲಲ್ಲೇ ನಿಂತಿದ್ದೆ. "ಬಸ್ಸು ಹೋಗ್ತೈತೆ" ಎಂದು ರಸ್ತೆಯಿಂದ ಕೂಗಿದರು.

ಗೌಡರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಊರುಗೋಲು. ಅಂಗಳದಲ್ಲಿ ನಿಂತು ಇನ್ನೊಮ್ಮೆ ಎಲ್ಲ ಹೇಳಿದೆ. ಕೇಳಿ ಮುಗಿಸಿದ ಗೌಡರು ಚಾಚಾನ ಕೈ ಹಿಡಿದು ಜಗಲಿಗೆ ಹತ್ತಿಸಿಕೊಂಡರು.

"ಇಲ್ಲಿ ಕೂಡ್ರಿ ಸಾಬ್ರೆ. ಊರೆಲ್ಲಾ ನಿಮಗೆ ಬೈಕೊಂತ ತಿರುಗೀನಿ. ಇಂವ ನಿಂತೇ ಇರ್ಲಿ." ಆಮೇಲೆ ಪಂಚೆ ಸರಿಸಿ, ಸೊಟ್ಟಗಾದ ಕಾಲನ್ನು ನನ್ನ ಮುಂದೆ ಚಾಚಿದರು. "ನನಗೆ ಹೇಳಿದ್ದಾತು. ಇದಕ್ಕೇನು ಹೇಳ್ತಿ ದಲ್ಲಾಳಿ? ಹೇಳು, ಕೇಳಿಸ್ಕೊಳ್ಳಲಿ."

ಬಗ್ಗಿ ಆ ಕಾಲನ್ನು ಮುಟ್ಟಿದೆ. ಗೌಡರು ಎಳೆದುಕೊಳ್ಳಲಿಲ್ಲ. ಹೋಗಲಿ ಬಿಡು ಅಂತಲೂ ಅನ್ನಲಿಲ್ಲ.

ಚಾಚಾ ತಮ್ಮ ಪಾಡಿಗೆ ಗೌಡರ ಎಲೆಯ ತಟ್ಟೆಯಲ್ಲಿ ಸುಣ್ಣದ ಡಬ್ಬಿಯನ್ನು ಹುಡುಕುತ್ತಿದ್ದರು. ಸಿಕ್ಕಿತು. ಬೆರಳಿಗೆ ಸುಣ್ಣ ತೆಗೆದುಕೊಂಡು, ತೊಡೆಯ ಮೇಲಿನ ರಾಡಿನ ಮುರಿದ ತುದಿಗೆ ನಿಧಾನವಾಗಿ ಒಂದು ಸುತ್ತು ಹಾಕಿದರು.

"ಇದು ಹದಿನೇಳನೇದು ಗೌಡ್ರೆ" ಅಂದರು. "ಇದೂ ನಂದೇ ಬೆಸುಗಿ. ಮೂರು ತಿಂಗಳಿಗೊಮ್ಮೆ ನೋಡಿಸ್ಬೇಕಿತ್ತು."

"ಆತ್ರಿ" ಅಂದರು ಗೌಡರು, ಮತ್ತು ಎರಡೂ ಕೈಯಲ್ಲಿ ಆ ರಾಡನ್ನು ಈಸಿಕೊಂಡರು.