ಹೂಂ ಅಂದ್ರ ಆಗಲಿಲ್ಲ, ತಿರುಗಿ ಹೇಳ್ರಿ

ನಾನು ವಾಯುಪಡೆಯಲ್ಲಿ ಅಧಿಕಾರಿ ಎಂದು ತಿಳಿದ ಕೂಡಲೇ ನಮ್ಮ ಸಾವಳಗಿಯಲ್ಲಿ ಯಾರಾದರೂ ಎದ್ದು ಕುರ್ಚಿ ಕೊಡುತ್ತಿದ್ದರು. ಎರಡನೆಯ ಪ್ರಶ್ನೆಗೆ ಆ ಕುರ್ಚಿ ಹೋಗುತ್ತಿತ್ತು.

"ವಿಮಾನ ಹಾರಸ್ತೀಯೇನು?"

"ಇಲ್ರಿ."

"ಬಾಂಬ್ ಒಗೀತೀಯೇನು?"

"ಇಲ್ರಿ."

"ಮತ್ತ?"

"ಕೆಳಗ ಕುಂತು, ಯಾವ ವಿಮಾನ ಯಾವಾಗ ಏರಬೇಕು, ಎಷ್ಟು ಎತ್ತರದಾಗ ಹೋಗಬೇಕು, ಯಾವಾಗ ಇಳೀಬೇಕು ಅಂತ ರೇಡಿಯೋದಾಗ ಹೇಳ್ತೀನ್ರಿ."

ಕೇಳಿದವರು ಪಾಪದ ಹುಡುಗನನ್ನು ನೋಡಿದಂತೆ ನೋಡಿ, ಎಲಿ ಅಡಿಕಿ ಬಾಯಿಗೆ ಹಾಕಿಕೊಂಡು ಕಬ್ಬಿನ ಮಾತಿಗೆ ಹೋಗುತ್ತಿದ್ದರು.

ಕೊನೆಗೆ ಊರಿಗೆ ತಿಳಿಸಿ ಹೇಳಿದವನು ನಮ್ಮ ಸೋದರಮಾವ. ಅವನು ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. "ನಂದೂ ಅವಂದೂ ಒಂದ ನೌಕರಿರಿ. ನನಗೂ ಮೈಕ್ ಐತಿ, ಅವಗೂ ಮೈಕ್ ಐತಿ. ನಾ ಬೀಳಗಿ ಗಾಡಿ ಬಿಡ್ತೀನಿ, ಅಂವ ವಿಮಾನ ಬಿಡ್ತಾನ. ಫರಕ್ ಇಷ್ಟ, ನನ್ನ ಡ್ರೈವರ್ ಚಹಾ ಕುಡದು ಹೊಂಡ್ತಾನ." ಅಂದಿನಿಂದ ನಾನು 'ಮ್ಯಾಲಿನ ಸ್ಟ್ಯಾಂಡಿನ ಕಂಟ್ರೋಲರ್'. ಅಪ್ಪ ಮಾತ್ರ ನಂಬಿಕೆ ಬಿಡಲಿಲ್ಲ. ಮಾಳಿಗೆಯ ಮೇಲೆ ನಿಂತು, ಆಕಾಶದಲ್ಲಿ ಬೆಳ್ಳಗೆ ಗೆರೆ ಎಳೆದುಕೊಂಡು ಹೋಗುವ ಪ್ರತಿ ವಿಮಾನಕ್ಕೂ ಕೇಳುತ್ತಿದ್ದ: "ಇದು ನಿಂದೇನು?" ಅಲ್ಲವೆಂದರೆ, "ನಿಂದು ಯಾವಾಗ ಬರ್ತೈತಿ?"

ಊರವರನ್ನೇ ಏಕೆ ಅನ್ನಲಿ, ವಾಯುಪಡೆಯಲ್ಲೂ ಹಾಗೆಯೇ. ಪೈಲಟ್ ಆದವನು ಮೆಸ್ಸಿನಲ್ಲಿ ಊಟದ ಮುಂದೆ ನಿಂತು, ಅಂಗೈಯನ್ನೇ ವಿಮಾನ ಮಾಡಿ ಹೊರಳಿಸಿ ತೋರಿಸುತ್ತಾನೆ. ಸುತ್ತ ಇದ್ದವರ ರೊಟ್ಟಿ ಕೈಯಲ್ಲೇ ನಿಲ್ಲುತ್ತದೆ. ನಾನು ಏನು ತೋರಿಸಲಿ? ಮೈಕಿನ ಗುಂಡಿ ಒತ್ತಿ ಒತ್ತಿ ಚಪ್ಪಟೆಯಾದ ಹೆಬ್ಬೆರಳೇ? ಹೋಗಲಿ ಬಿಡಿ. ಆ ಅಂಗೈ ಮನೆಗೆ ಬಂದು ರೊಟ್ಟಿ ತಿನ್ನುತ್ತಿರುವುದು ಈ ಹೆಬ್ಬೆರಳಿನಿಂದ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ಹೇಳುವುದಿಲ್ಲ, ಅಷ್ಟೇ.

ನಮ್ಮ ಕಸುಬು ನಿಂತಿರುವುದು ಒಂದೇ ಕಟ್ಟಳೆಯ ಮೇಲೆ. ನಾನು ಹೇಳಿದ್ದನ್ನು ಪೈಲಟ್ ಪೂರ್ತಿ ತಿರುಗಿ ಹೇಳಬೇಕು. ನಾಲ್ಕು ಸಾವಿರ ಅಡಿಗೆ ಇಳಿ ಎಂದರೆ 'ನಾಲ್ಕು ಸಾವಿರಕ್ಕೆ ಇಳಿಯುತ್ತಿದ್ದೇನೆ' ಎನ್ನಬೇಕು. ಬರೇ 'ಹೂಂ' ನಡೆಯದು. ಅವನು ಮೂರು ಸಾವಿರ ಎಂದನೋ, ನಾನು ಅಲ್ಲೇ ಹಿಡಿಯಬೇಕು. ಹೇಳುವುದು ಅರ್ಧ ಕೆಲಸ. ತಿರುಗಿ ಬಂದ ಮಾತನ್ನು ಕಿವಿಗೊಟ್ಟು ಕೇಳುವುದು ಉಳಿದರ್ಧ.

ಇಂಥ ಕಸುಬಿನವನು ಹುಟ್ಟಿದ್ದು ಎಲ್ಲಿ? ಹೂಂಕಾರದ ನಾಡಿನಲ್ಲಿ! ನನಗೆ ಮಾತು ಕಲಿಸಿದವಳು ನಮ್ಮ ಆಯಿ, ಅಪ್ಪನ ಅವ್ವ, ಕುರಿ ಹಿಂಡಿನ ಹಿಂದೆ ನಡೆದು ಕತೆ ಕೂಡಿಸಿಕೊಂಡು ಬಂದವಳು. ಕತೆಯ ನಡುವೆ ನಮ್ಮ ಹೂಂ ನಿಂತಿತೆಂದರೆ, "ಮಲಗಿದ್ವು ಹೆಣಾ" ಎಂದು ಕಂಬಳಿ ಎಳೆದುಕೊಳ್ಳುತ್ತಿದ್ದಳು. ಕತೆಗೆ ಆ ಹೂಂ ಸರಿ. ಆದರೆ ನಮ್ಮ ಹಿರಿಯರು ಅದನ್ನೇ ವ್ಯವಹಾರಕ್ಕೂ ತಂದುಬಿಟ್ಟಿದ್ದಾರೆ. 'ಬದುವಿನ ದಾರಿ ಬಿಡ್ತೀರೇನ್ರಿ?' 'ಹೂಂ.' ಮರುವರ್ಷ ದಾರಿಯಲ್ಲಿ ಕಬ್ಬು ನಿಂತಿರುತ್ತದೆ. ಕೇಳಲು ಹೋದರೆ, 'ನಾ ಎಲ್ಲಿ ಬಿಡ್ತೀನಿ ಅಂದಿದ್ನಿ? ಹೂಂ ಅಂದಿದ್ನಿ.' ಹಾಗೆಂದು ತಿರುಗಿ ಹೇಳಿಸುವಂತೆಯೂ ಇಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಹಾಗೇ ತಿರುಗಿ ಅಂದರೆ ನಮ್ಮ ಕಡೆ ಅದಕ್ಕೆ ಅಣಕ ಎನ್ನುತ್ತಾರೆ. ಅಣಕಕ್ಕೆ ಬಡಿಗೆಗಳು ಎದ್ದದ್ದುಂಟು.

ಈ ಹೂಂ ನನ್ನ ತಂಗಿಯ ಕೊರಳಿಗೆ ಬಂತು. ಅವಳು ಮುಧೋಳದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೆ ನೋಡಿದ್ದು ಅನಗವಾಡಿಯ ಹುಡುಗ, ಕೆಲಸ ಸಮೀರವಾಡಿಯಲ್ಲಿ. ಇಬ್ಬರಿಗೂ ಒಪ್ಪಿಗೆಯಾಗಿತ್ತು. ನಾನು ರಜೆಗೆ ಬಂದ ದಿನವೇ ತಂಗಿ ಹಿತ್ತಲಿಗೆ ಎಳೆದೊಯ್ದಳು.

"ಅಣ್ಣಾ, ಹುಡುಗ ಪಸಂದ ಅದಾನ. ಆದ್ರ ನಾ ನೌಕರಿ ಬಿಡಾಕಿ ಅಲ್ಲ. ದೊಡ್ಡಪ್ಪನ ಮಗಳಿಗೂ ಹೂಂ ಅಂದು ಕರಕೊಂಡು ಹೋದ್ರು. ಸಾಲಿ ಟೀಚರ್ ಇದ್ದಾಕಿ ಈಗ ಎಮ್ಮಿಗೆ ಪಾಠಾ ಹೇಳಾಕತ್ತಾಳ. ವಿಮಾನಾನ ಹಿಡದು ನಿಲ್ಲಸ್ತಿ ಅಂತೀಯಲ್ಲಾ, ಒಂದು ಮಾತು ಹಿಡದು ನಿಲ್ಲಸು ನೋಡೂಣು."

ಮಾತುಕತೆಯ ದಿನ ಪಡಸಾಲೆಯಲ್ಲಿ ಜಮಖಾನಿ ಹಾಸಿತ್ತು. ಹುಡುಗನ ಅಪ್ಪ ಪಟಕಾ ಸುತ್ತಿಕೊಂಡು ಗೋಡೆಗೆ ಒರಗಿದ್ದರು, ಪಕ್ಕದಲ್ಲಿ ಹುಡುಗ. ನಮ್ಮ ಕಡೆಯಿಂದ ಅಪ್ಪ, ಮಾವ, ನಾನು. ಆಯಿ ಮೂಲೆಯಲ್ಲಿ ತನ್ನ ಕಂಬಳಿಯ ಮೇಲೆ. ತಂಗಿ ಅಡುಗೆಮನೆಯ ಬಾಗಿಲ ಹಿಂದೆ. ಅವಲಕ್ಕಿ ಮುಗಿದು ಚಹಾ ಬಂದಾಗ ನಾನು ಹೇಳಿದೆ:

"ಕಾಕಾರ, ಹುಡಿಗಿ ಲಗ್ನದ ಮ್ಯಾಲೂ ಮುಧೋಳದಾಗ ನೌಕರಿ ಮಾಡ್ತಾಳ್ರಿ."

"ಹೂಂ" ಅಂದರು ಬೀಗರು, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ.

ಮಾವ ಚಪ್ಪಾಳೆ ತಟ್ಟಿದ. "ಆತಲ್ಲಾ! ಸಕ್ಕರಿ ತರ್ರಿ." ಸಕ್ಕರೆ ಹಂಚಿದರೆ ಮಾತು ಮುಗಿದಂತೆ. ಅವ್ವ ತಟ್ಟೆ ಹಿಡಿದು ಬಂದೇಬಿಟ್ಟಳು.

"ಸಕ್ಕರಿ ಅಲ್ಲೇ ನಿಲ್ಲಲಿ!"

ಇಳಿಯುವ ವಿಮಾನದ ಮುಂದೆ ರನ್‌ವೇಗೆ ನಾಯಿ ನುಗ್ಗಿದಾಗ ನನ್ನ ಬಾಯಿಂದ ಬರುವ ದನಿ ಅದು. ಅವ್ವ ಹೆಜ್ಜೆ ಎತ್ತಿದಲ್ಲೇ ನಿಂತಳು. ಅದೇ ಗತ್ತಿನಲ್ಲಿ ಬೀಗರತ್ತ ತಿರುಗಿದೆ: "ಕಾಕಾರ, ಹೂಂ ಅಂದ್ರ ಆಗಲಿಲ್ಲ. ನಾ ಏನು ಹೇಳಿದ್ನಿ, ಒಮ್ಮೆ ತಿರುಗಿ ಹೇಳ್ರಿ."

ಬೀಗರು ಬಸಿ ಕೆಳಗಿಟ್ಟರು. "ಏನ್ರಿ ತಮ್ಮಾ, ಮಗ್ಗಿ ಒಪ್ಪಸಾಕ ನಾವೇನು ಸಾಲಿ ಹುಡುಗರೇನು? ಮನಿಗೆ ಕರದು ಅಣಕ ಮಾಡಸ್ತೀರೇನು?"

"ತಪ್ಪು ತಿಳೀಬ್ಯಾಡ್ರಿ" ಎಂದು ಮಾವ ನಡುವೆ ಬಂದ, "ಅವನ ನೌಕರೀನ ಅಂಥಾದ್ದು. ಎಂಥೆಂಥಾ ಪೈಲಟ್ ಸುದ್ದಾ ಅವಗ ತಿರುಗಿ ಹೇಳ್ತಾರ."

"ಹೇಳಲಿ. ಅವರಿಗೆ ಪಗಾರ ಬರ್ತೈತಿ. ನಮಗ್ಯಾರು ಕೊಡ್ತಾರ?" ಬೀಗರು ಟವೆಲ್ ಹೆಗಲಿಗೆ ಹಾಕಿ ಎದ್ದರು. ಅಪ್ಪ ನನ್ನನ್ನು ನೋಡಿದ ನೋಟದಲ್ಲಿ, ಇವನು ವಿಮಾನವನ್ನೇ ಹಾರಿಸಿದ್ದರೆ ಎಲ್ಲಿಯಾದರೂ ದೂರ ಹೋಗಿರುತ್ತಿದ್ದ ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು.

ಆಗ ಹುಡುಗ ಬಾಯಿ ಬಿಟ್ಟ. "ಅಪ್ಪಾ, ಕುಂದ್ರು. ನಾ ಹೇಳ್ತೀನಿ." ಜಮಖಾನಿಯ ಪಟ್ಟೆ ನೋಡುತ್ತ ಒಪ್ಪಿಸಿದ: "ಲಗ್ನದ ಮ್ಯಾಲೂ ಮುಧೋಳದಾಗ ನೌಕರಿ ಮಾಡ್ತಾರ, ಮಕ್ಕಳಾಗೂತನಕಾ."

"ಶಾಬಾಸ್!" ಅಂದ ಮಾವ. ಹುಡುಗನ ಧೈರ್ಯಕ್ಕೆ ನನ್ನ ಮನಸ್ಸು ಕರಗಿ, ಸಕ್ಕರೆ ತಟ್ಟೆ ಬರಲಿ ಎಂದು ಕೈ ಎತ್ತುವವನಿದ್ದೆ.

"ಅಣ್ಣಾ" ಎಂದಿತು ಬಾಗಿಲ ಹಿಂದಿನ ದನಿ, "ಕಡೀ ಮಾತು ನಾವು ಹೇಳಿದ್ದಲ್ಲ."

ಎಷ್ಟೋ ವರ್ಷಗಳ ತರಬೇತಿ ನನಗೆ. ಹಿಡಿದವಳು ತಂಗಿ. ಹುಡುಗ ಕೆಂಪಗಾಗಿ ತನ್ನ ಅಪ್ಪನ ಮುಖ ನೋಡಿದ. ಆ ಕಡೀ ಮಾತು ಯಾರ ಮನೆಯಲ್ಲಿ ಹುಟ್ಟಿದ್ದೆಂದು ಎಲ್ಲರಿಗೂ ತಿಳಿಯಿತು. ಬೀಗರು ತಲೆ ಎತ್ತಿ ಮಾಳಿಗೆಯ ತೊಲೆ ಎಣಿಸುತ್ತಿದ್ದರು.

"ತಪ್ಪಾತ್ರಿ" ಎಂದ ಹುಡುಗ, ಈ ಸಲ ಬಾಗಿಲಿನ ಕಡೆ ತಿರುಗಿ. "ಮುಧೋಳದಾಗ ನೌಕರಿ ಮಾಡ್ತಾರ. ಇಟ್ಟುಕೊಳ್ಳೂದು ಬಿಡೂದು ಅವರಿಗೆ ಸೇರಿದ್ದು."

"ಬರೋಬ್ಬರಿ" ಎಂದಿತು ಬಾಗಿಲು.

ಅವ್ವ ಮತ್ತೆ ಹೆಜ್ಜೆ ಎತ್ತಿದಳು. ಈ ಸಲ ತಡೆದವಳು ಆಯಿ. "ತಡಿಯವಾ. ಹುಡುಗ ಹೇಳಿದ. ಯಜಮಾನಾ ಎಲ್ಲಿ ಹೇಳ್ಯಾನ? ಏನಪಾ, ಹೂಂ ಅಂತ ಕೂಡಾಕ ನಾವೇನು ಕತಿ ಹೇಳಾಕತ್ತೇವೇನು?"

ನನ್ನ ಎದುರು ಎದ್ದು ನಿಂತಿದ್ದ ಬೀಗರಿಗೆ ಮುದುಕಿಯ ಎದುರು ಕೂರದೆ ಗತಿಯಿರಲಿಲ್ಲ. "ನೌಕರಿ ಮಾಡ್ತಾಳಬೇ" ಅಂದರು, ಹಲ್ಲಿನ ಸಂದಿಯಿಂದ.

"ಎಲ್ಲಿ?"

"ಮುಧೋಳದಾಗ."

"ಎಲ್ಲೀತನಕಾ?"

ಬೀಗರು ಮಗನನ್ನು ನೋಡಿದರು, ಬಾಗಿಲನ್ನು ನೋಡಿದರು. "ಅಕೀ ಮನಸ್ಸು ಇರೂತನಕಾ."

"ಹೂಂ" ಅಂದಳು ಆಯಿ.

ಸಕ್ಕರೆ ಬಂತು.

ತಂಗಿ ಈಗ ದಿನಾ ಸಮೀರವಾಡಿಯಿಂದ ಮುಧೋಳದ ಬಸ್ ಹತ್ತುತ್ತಾಳೆ. ಬೀಗರೂ ನನ್ನೊಂದಿಗೆ ಚೆನ್ನಾಗಿಯೇ ಇದ್ದಾರೆ. ಫೋನಿನಲ್ಲಿ ನಾನು 'ನಾ ಆರಾಮ ಅದೀನ್ರಿ, ಊಟಾ ಆತ್ರಿ' ಎಂದರೂ ಸಾಕು, 'ನೀವು ಆರಾಮ ಅದೀರಿ, ಊಟಾ ಆತು' ಎಂದು ಒಂದಕ್ಷರ ಬಿಡದೆ ತಿರುಗಿ ಹೇಳುತ್ತಾರೆ. ಅದು ಗೌರವವೋ ಅಣಕವೋ ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ.